ಗೊಂಡೆಯ ತಲೆಗೆ ಪ್ರಭಾವಳಿ ಇಲ್ಲ

ನಿಗಡಿ, ಪುಣೆ
18 ಆಗಸ್ಟ್ 2024

ಸಂಜು,

ಆಶೀರ್ವಾದ ಕೊನೆಗೆ ಬರೆಯುತ್ತೇನೆ, ಕಾಗದದಲ್ಲಿ ಜಾಗ ಉಳಿದರೆ. ಒಡಹುಟ್ಟಿದ ಅಕ್ಕನ ನಂಬರನ್ನು ಬ್ಲಾಕ್ ಮಾಡಿ, "ಹೇಳುವುದಿದ್ದರೆ ಕಾಗದ ಬರೆ, ಕಲಾವಿದನಿಗೆ ಮೌನ ಬೇಕು" ಎಂದು ತಿಳಿಸುವ ತಮ್ಮ ಧಾರವಾಡದಲ್ಲಿ ಇನ್ನೊಬ್ಬ ಇರಲಾರ. ಸೊಸೈಟಿಯ ಗುಮಾಸ್ತನಿಗೆ ಇಷ್ಟು ಮೌನ ಯಾವಾಗಿನಿಂದ ಬೇಕಾಯಿತು? ನಾನು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದೆನಂತೆ. ಡೆಂಗ್ಯೂ ಎದ್ದಿದೆ ಎಂದು ಟೀವಿಯವನು ಬಡಕೊಳ್ಳುವಾಗ ಸುಮ್ಮನೆ ಕೂಡಲೇ? ಸೊಳ್ಳೆ ಪರದೆ ಕಟ್ಟುತ್ತಿದ್ದೀಯೋ ಇಲ್ಲವೋ ಅದನ್ನಾದರೂ ಬರೆ. ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ, ಪರದೆ ಕಟ್ಟುವವರು ಯಾರು ಎಂದು ಯೋಚಿಸಿ ನನಗೆ ನಿದ್ದೆ ಇಲ್ಲ.

ನೀನು ಕಳಿಸಿದ ಪೇಪರಿನ ತುಂಡು ಮುಟ್ಟಿತು. "ಧಾರವಾಡದ ಛಾಯಾಗ್ರಾಹಕನ ಅಪೂರ್ವ ಸೆರೆ" ಎಂದು ಹಾಕಿದ್ದಾರೆ. ನಮ್ಮ ಮನೆಯವರ, ನಿಮ್ಮ ಮಾಮಾನ ಕೈಗೆ ಕೊಟ್ಟೆ. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಏನಿದು, ಕಾರ್ಪೊರೇಶನ್ನಿನವರು ಸೊಳ್ಳಿಗೆ ಹೊಗಿ ಬಿಟ್ಟಾಗ ತಗದದ್ದೇನು?" ಅಂದರು. ನಾನು ಬೈದೆ. ಆದರೆ ಖರೆ ಹೇಳಬೇಕೆಂದರೆ ನನಗೂ ಹಾಗೇ ಕಂಡಿತ್ತು. ಗಡವಿಲ್ಲ, ಗಿಡವಿಲ್ಲ, ಮುಖವಂತೂ ಇಲ್ಲವೇ ಇಲ್ಲ. ಹೊತ್ತು ಮುಳುಗುವಾಗ ಮಂಜಿನಲ್ಲಿ ಫೋಟೋ ತೆಗೆಯುವ ಬುದ್ಧಿ ಯಾರು ಕೊಟ್ಟರು ನಿನಗೆ? ಹೋದ ವರ್ಷ ವಿಸಾಪುರ ಗಡ, ಆ ಬೆಟ್ಟದ ಕೋಟೆ, ಹತ್ತುತ್ತೇವೆ ಎಂದು ನೀವಿಬ್ಬರೂ ನಮ್ಮ ಮನೆಯಿಂದಲೇ ಹೊರಟಿರಿ. ತುದಿಗೆ ಹೋಗಬೇಡಿ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದ್ದೆ. ಇದು ತುದಿಯಲ್ಲದೆ ಮತ್ತೇನು? ನೆರಳು ಗಾಳಿಯಲ್ಲಿ ತೇಲುತ್ತಿದೆ!

ಎರಡು ನೆರಳು ಮಂಜಿನ ಮೇಲೆ ಬಿದ್ದಿವೆ. ಒಂದು ನಿನ್ನದು. ತಲೆಯ ಮೇಲೆ ಗೊಂಡೆ ಎದ್ದು ಕಾಣುತ್ತದೆ, ನಾನು ಹೆಣೆದ ಉಣ್ಣೆ ಟೋಪಿಯ ಗೊಂಡೆ. ಅದೊಂದನ್ನು ನೋಡಿ ಸಮಾಧಾನವಾಯಿತು, ಕಿವಿಗೆ ಗಾಳಿ ಹೊಕ್ಕಿಲ್ಲ ಎಂದು. ಇನ್ನೊಂದು ನಿನ್ನ ಹೆಂಡತಿ ಸ್ನೇಹಲ್‌ಳದು. ಮೊಂಡಿ, ತಲೆಗೆ ಏನೂ ಕಟ್ಟಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಬಣ್ಣದ ದುಂಡು ಬಳೆಯೊಂದು ಮಂಜಿನಲ್ಲಿ ಎದ್ದಿದೆಯಲ್ಲ, ಗುಡಿಯಲ್ಲಿ ದೇವರ ಹಿಂದೆ ಇಡುವ ಪ್ರಬಾವಳಿಯ ಹಾಗೆ, ಅದು ಅವಳ ತಲೆಯ ಸುತ್ತ ಕೂತಿದೆ. ನಿನ್ನ ಗೊಂಡೆ ಹೊರಗೆ ಉಳಿದಿದೆ. ಫೋಟೋ ತೆಗೆದವನು ನೀನು, ಪೇಪರಿನಲ್ಲಿ ಹೆಸರು ನಿನ್ನದು, ಪ್ರಬಾವಳಿ ಮಾತ್ರ ಗಂಡನನ್ನು ಬಿಟ್ಟು ಹೋದವಳಿಗೆ? ಎರಡು ಹೆಜ್ಜೆ ಸರಿದು ನಿಂತಿದ್ದರೆ ಏನು ಹೋಗುತ್ತಿತ್ತು?

ಜಾಗ ಮುಗಿಯಿತು. ಆಶೀರ್ವಾದ.

ಅಕ್ಕ ಶಿವಬಸವ್ವ


ಧಾರವಾಡ
27 ಆಗಸ್ಟ್ 2024

ಅಕ್ಕಾ,

ಪ್ರಬಾವಳಿ ಅಲ್ಲ, ಪ್ರಭಾವಳಿ. ಭಕ್ಕೆ ಹೊಟ್ಟೆ ಸೀಳಬೇಕು. ಕನ್ನಡ ಶಾಲೆ ನಾಲ್ಕನೆಯದಕ್ಕೆ ಬಿಟ್ಟು, ಪಿಂಪ್ರಿಯ ಮರಾಠಿ ಶಾಲೆಯಲ್ಲಿ ಎರಡು ವರ್ಷ ಕೂತು, ಅದನ್ನೂ ಬಿಟ್ಟವಳಿಗೆ ಹೊಟ್ಟೆ ಸೀಳುವುದು ಯಾರು ಕಲಿಸಬೇಕು? ತಪ್ಪು ನಿನ್ನದಲ್ಲ. ಆದರೆ ಅಷ್ಟು ಓದಿದವರು ಕಲೆಯ ಬಗ್ಗೆ ಅಭಿಪ್ರಾಯ ಕೊಡದೇ ಇದ್ದರೆ ಕಲೆಗೂ ಒಳ್ಳೆಯದು, ಅಂಚೆಯವನಿಗೂ ಒಳ್ಳೆಯದು. ಮಾಮಾನಿಗೆ ಹೇಳು, ಸೊಳ್ಳೆ ಹೊಗೆಗೂ ಸಹ್ಯಾದ್ರಿಯ ಮಂಜಿಗೂ ವ್ಯತ್ಯಾಸ ತಿಳಿಯದ ಕಣ್ಣಿಗೆ ಕನ್ನಡಕ ದಂಡ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಇಲ್ಲಿಯ ದೊಡ್ಡವರೂ ಅದನ್ನೇ ಕೇಳಿದರು. ಆ ಬಳೆಯನ್ನು ನಾನು ಬೇಕೆಂತಲೇ ಅವಳ ತಲೆಗೆ ಇಟ್ಟೆ. ಸರಿದು ನಿಂತು ನನ್ನ ತಲೆಗೂ ತಂದುಕೊಳ್ಳಬಹುದಿತ್ತು, ನನ್ನ ಕೈಯಲ್ಲೇ ಇತ್ತು. ಇಡಲಿಲ್ಲ. ಹಿಂದಿನಿಂದ ಬೆಳಕು ಸೋರಿ ಹೋಗುತ್ತಿದೆ, ಇನ್ನೊಂದು ಗಳಿಗೆಯಲ್ಲಿ ಎಲ್ಲ ಬೂದಿ. ಅಂಥ ಹೊತ್ತಿನಲ್ಲಿ ಕಲಾವಿದ ತನ್ನನ್ನು ಹೊರಗಿಟ್ಟು ನೋಡುತ್ತಾನೆ. ಇದನ್ನು ತ್ಯಾಗ ಎನ್ನುತ್ತಾರೆ. ಪೇಪರಿನವರಿಗೂ ಹೀಗೇ ಹೇಳಿದ್ದೇನೆ.

ಈಗ ಕೆಲಸದ ಮಾತು. ನವೆಂಬರಿನಲ್ಲಿ ಇಲ್ಲಿಯ ಕಲಾಮಂದಿರದಲ್ಲಿ ಪ್ರದರ್ಶನ ಇದೆ. ಬಾಗಿಲು ದಾಟಿದ ಕೂಡಲೇ ಎದುರಾಗುವ ಗೋಡೆ ನನ್ನ ಚಿತ್ರಕ್ಕೆ. ಆಳೆತ್ತರ ಮಾಡಬೇಕು. ನನ್ನ ಬಳಿ ಫೋನಿನಲ್ಲಿರುವ ಸಣ್ಣ ನಕಲು ಮಾತ್ರ ಇದೆ, ದೊಡ್ಡದು ಮಾಡಿದರೆ ಒಡೆಯುತ್ತದೆ. ಮೂಲ ಚಿತ್ರ ಕ್ಯಾಮೆರಾದ ಕಾರ್ಡಿನಲ್ಲಿದೆ. ಕಾರ್ಡನ್ನು ಸ್ನೇಹಲ್ ಖಡಕಿಯ ತವರಿಗೆ ಹೋಗುವಾಗ ಎತ್ತಿಕೊಂಡು ಹೋಗಿದ್ದಾಳೆ. ಬೇರೆ ಏನೂ ಒಯ್ದಿಲ್ಲ, ಸೀರೆ ಕೂಡ ಇಲ್ಲೇ ಇವೆ. ಇಂಥ ಹೊಟ್ಟೆಕಿಚ್ಚು ನೋಡಿದ್ದೀಯಾ? ನೀನು ಹೋಗಿ ಕಾರ್ಡ್ ಇಸಕೊಂಡು ಬಾ. ನಿನ್ನ ಗೊಣಗಾಟಕ್ಕೆ ಹೆದರಿಯಾದರೂ ಕೊಡುತ್ತಾಳೆ. ಜಗತ್ತಿನಲ್ಲಿ ಅದರಿಂದ ಒಂದು ಉಪಯೋಗ ಆಗಲಿ.

ಪರದೆ ಕಟ್ಟುತ್ತಿದ್ದೇನೆ.

ಸಂಜು


ನಿಗಡಿ
12 ಸೆಪ್ಟೆಂಬರ್ 2024

ಸಂಜು,

ಖಡಕಿಗೆ ಹೋಗಿ ಬಂದೆ. ಲೋಕಲ್‌ನಲ್ಲಿ ನಿಲ್ಲಲು ಜಾಗವಿರಲಿಲ್ಲ, ಬಾಗಿಲ ಹತ್ತಿರ ಎಲ್ಲರೂ ತೂಗಾಡುತ್ತಾರೆ, ಒಬ್ಬಳ ಸೆರಗು ಹೊರಗೆ ಹಾರುತ್ತಿತ್ತು, ಕಂಬಕ್ಕೆ ಸಿಕ್ಕರೆ ಏನು ಗತಿ ಎಂದು ಅದನ್ನು ನಾನೇ ಹಿಡಿದುಕೊಂಡು ನಿಂತೆ. ಅವಳು ನನ್ನನ್ನೇ ಕಳ್ಳಿಯ ಹಾಗೆ ನೋಡಿದಳು. ಇರಲಿ.

ಸ್ನೇಹಲ್ ಸೊರಗಿಲ್ಲ. ಅದೇ ಮೊದಲು ನನ್ನ ಸಿಟ್ಟಿಗೆ ಕಾರಣವಾಯಿತು. ಗಂಡನ ಮನೆ ಬಿಟ್ಟವಳು ಸ್ವಲ್ಪವಾದರೂ ಸೊರಗಬೇಕು, ನೋಡಲು ಬಂದವರಿಗೆ ಮರ್ಯಾದೆಗಾದರೂ. ಅವರಪ್ಪ ಆರ್ಡನೆನ್ಸ್ ಫ್ಯಾಕ್ಟರಿಯ ಹಳೆಯ ಟೋಪಿ ಹಾಕಿಕೊಂಡು ಕುಂಡಕ್ಕೆ ನೀರು ಹಾಕುತ್ತಿದ್ದರು. ನಮಸ್ಕಾರ ಅಂದರು, ಒಳಗೆ ಹೋದರು. ಮಗಳು ಬೇಳೆ ಕುದಿಯಲು ಇಟ್ಟು ಬಂದು ನನ್ನ ಎದುರು ಕೂತಳು.

"ಕಾರ್ಡ್ ಕೊಡವ್ವಾ," ಅಂದೆ.

"ಯಾವ ಕಾರ್ಡ್ ಅಕ್ಕಾರ? ರೇಶನ್ ಕಾರ್ಡೋ?"

"ಚಾಷ್ಟಿ ಮಾಡಬ್ಯಾಡ. ಕ್ಯಾಮೆರಾದ್ದು. ಅವನ ಫೋಟೋ ಅದರಾಗ ಅದ."

"ಅವರ ಫೋಟೋ ಭಾಳ ಅವರಿ. ಎಲ್ಲಾ ಕೊಡ್ತೀನಿ. ಮದಿವ್ಯಾಗ ಊಟಕ್ಕ ಕೂತದ್ದೂ ಅದ."

ನನಗೆ ಮೈ ಉರಿಯಿತು. ನಿನ್ನ ಕಾಗದ ತೆಗೆದು, ನೀನು ಬರೆದದ್ದನ್ನು ಓದಿ ಹೇಳಿದೆ. ನೋಡು ಹುಡುಗಿ, ನೀನು ಬಿಟ್ಟು ಬಂದ ಗಂಡ ನಿನ್ನ ತಲೆಗೆ ಪ್ರಭಾವಳಿ ಇಟ್ಟಿದ್ದಾನೆ, ಬೇಕೆಂತಲೇ ಇಟ್ಟಿದ್ದಾನೆ, ತನ್ನನ್ನು ಹೊರಗಿಟ್ಟುಕೊಂಡಿದ್ದಾನೆ ಎಂದು. ಅದನ್ನು ಕೇಳಿ ಆಕೆಗೆ ಕಣ್ಣೀರು ಬರಬೇಕಿತ್ತು. ನಗು ಬಂತು. ಎಂಥಾ ನಗು! ಅತ್ತ ಬೇಳೆ ಉಕ್ಕಿ ಗ್ಯಾಸಿನ ಮೇಲೆ ಹರಿಯಿತು, ನಾನೇ ಓಡಿ ಹೋಗಿ ಆರಿಸಿದೆ. ಗ್ಯಾಸ್ ಸೋರಿದ್ದರೆ ನಾವು ಮೂವರೂ ಅಲ್ಲೇ ಮುಗಿಯುತ್ತಿದ್ದೆವು, ಅದರ ಖಬರೂ ಇಲ್ಲ ಅವಳಿಗೆ.

"ಬೇಕಂತ ಇಟ್ಟಾರಂತ? ಹಂಗಂತ ಬರದಾರ?" ಮತ್ತೆ ಮತ್ತೆ ಅದನ್ನೇ ಕೇಳಿದಳು. ಆಮೇಲೆ ನಗು ನಿಲ್ಲಿಸಿ ಅಂದಳು: "ಅಕ್ಕಾರ, ಒಂದು ಕೆಲಸ ಮಾಡೂಣು. ನೀವು ನನ್ನ ಜೋಡಿ ವಿಸಾಪುರ ಗಡ ಹತ್ರಿ. ಅದೇ ಜಾಗಾ, ಅದೇ ಸಂಜೀ ಹೊತ್ತು. ನಿಮ್ಮ ಕಣ್ಣಿಲೆ ನೋಡ್ರಿ. ಇಳದ ಮ್ಯಾಲ ನೀವು ಕಾರ್ಡ್ ಕೇಳಿದ್ರ ನಿಮ್ಮ ಕೈಯಾಗ ಇಡ್ತೀನಿ. ನಮ್ಮಪ್ಪನ ಆಣಿ."

ನೋಡು, ಎಂಥವಳನ್ನು ಮಾಡಿಕೊಂಡಿದ್ದೀಯಾ. ಬಸ್ಸು ಫ್ಲೈಓವರ್ ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ನನಗೆ ಗಡ ಹತ್ತು ಎನ್ನುತ್ತಾಳೆ. ನಾನು ಚಹಾ ಕುಡಿಯದೆ ಎದ್ದು ಬಂದೆ. ಅರ್ಧ ಕುಡಿದಿದ್ದೆ.

ಅವಳು ಯಾಕೆ ನಕ್ಕಳು? ಅದು ನನಗೆ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿದೆ. ನಿನಗೇನಾದರೂ ಗೊತ್ತಿದ್ದರೆ ಬರೆ.

ಅಕ್ಕ


ಧಾರವಾಡ
20 ಸೆಪ್ಟೆಂಬರ್ 2024

ಅಕ್ಕಾ,

ಹೋಗಬೇಡ. ಮೊಣಕಾಲು ನೋವು ಇದೆ ನಿನಗೆ, ಎದೆ ಡವಡವ ಇದೆ, ಮಂಜಿದೆ, ಪಾಚಿ ಇದೆ. ದಿನವೂ ಇದನ್ನೇ ನನಗೆ ಹೇಳುತ್ತಿದ್ದವಳು ಈಗ ನಾನು ಹೇಳಿದರೆ ಕೇಳು.

ಅವಳು ನಕ್ಕದ್ದು ತಿಳಿವಳಿಕೆ ಇಲ್ಲದ್ದಕ್ಕೆ. ಆ ಸಂಜೆ ನಾನು ಕ್ಯಾಮೆರಾ ಹಿಡಿದು ಮಂಜು ತೆರೆಯಲಿ ಎಂದು ಕಲ್ಲಿನ ಹಾಗೆ ಕಾದು ನಿಂತಿದ್ದರೆ ಅವಳು ಪಕ್ಕದಲ್ಲಿ ನನ್ನ ಚೀಲ ಹಿಡಿದು ನಡುಗುತ್ತಾ, "ಲಗೂ ತಗೀರಿ, ಕತ್ತಲಾತು" ಎಂದು ಗೋಳು ಹೊಯ್ದುಕೊಳ್ಳುತ್ತಿದ್ದಳು. ಅಂಥವರ ನಗುವಿಗೆ ಬೆಲೆ ಕೊಡಬೇಡ.

ಗಡಗಿಡ ಬೇಡ. ಸುಮ್ಮನೆ ಅವಳ ಕಪಾಟು ನೋಡು. ಸಣ್ಣ ಕಾರ್ಡು, ಉಗುರಿನಷ್ಟು. ಎತ್ತಿಕೊಂಡು ಬಾ.

ಸಂಜು


ನಿಗಡಿ
8 ಅಕ್ಟೋಬರ್ 2024

ಸಂಜು,

ಅಕ್ಕನಿಗೆ ಕಳವು ಕಲಿಸುವ ತಮ್ಮಾ, ಗಡ ಹತ್ತಿ ಬಂದೆ. ಬದುಕಿದ್ದೇನೆ. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂಡಲಾಗುವುದಿಲ್ಲ, ಗೋಡೆಗೆ ಆನಿಕೊಂಡು ನಿಂತೇ ಬರೆಯುತ್ತಿದ್ದೇನೆ.

ರವಿವಾರ ಹೋದೆವು. ನವರಾತ್ರಿ, ಮನೆಯಲ್ಲಿ ದೇವಿಯ ಘಟ ಹಾಕಿದೆ, ಒಂಬತ್ತು ದಿನ ನಂದಾದೀಪ ಆರಬಾರದು. ನಿಮ್ಮ ಮಾಮಾನನ್ನು ದೀಪದ ಮುಂದೆ ಕೂಡಿಸಿ, "ಎಣ್ಣಿ ಹಾಕ್ಕೋಂತ ಕೂಡ್ರಿ, ಟೀವಿ ಹಚ್ಚಬ್ಯಾಡ್ರಿ" ಎಂದು ಹೇಳಿ ಹೊರಟೆ. ಮಳವಲಿಯಲ್ಲಿ ಲೋಕಲ್ ಇಳಿಯುವ ತನಕ ದೀಪದ್ದೇ ಚಿಂತೆ. ಆಮೇಲೆ ನನ್ನ ಜೀವದ ಚಿಂತೆ ಶುರುವಾಯಿತು, ದೀಪ ಮರೆತುಹೋಯಿತು.

ಆ ದಾರಿಯನ್ನು ದಾರಿ ಎಂದವರು ಯಾರು? ನೀರು ಹರಿದು ಬಿಟ್ಟುಹೋದ ಕಲ್ಲುಗಳು. ನಾನು ಕೈ ಊರಿ, ಮೊಣಕಾಲು ಊರಿ, ಒಂದೆರಡು ಕಡೆ ಕೂತೇ ಮೇಲೆ ಸರಿದೆ. ಇಳಿದು ಬರುತ್ತಿದ್ದ ಹುಡುಗರು "ಕಾಕೂ, ಜಪೂನ್!" ಅಂದರು. ಜಪೂನ್ ಅಂತೆ. ಹುಷಾರಾಗಿರುವುದನ್ನು ನನಗೆ ಹೇಳಿಕೊಡುವ ಮಂದಿ! ಬೆಟ್ಟದ ಮೇಲೆ ಬಂದು ಬೆಟ್ಟಕ್ಕೆ ಬೆನ್ನು ಮಾಡಿ, ತಮ್ಮ ಮುಸುಡಿಯನ್ನೇ ಫೋನಿನಲ್ಲಿ ಹಿಡಿದುಕೊಳ್ಳುವವರು. ಸ್ನೇಹಲ್ ಮುಂದೆ ಮುಂದೆ ಆಡಿನ ಹಾಗೆ ಹೋಗುತ್ತಿದ್ದಳು. ತಿರುಗಿ ಕೈ ಕೊಡುತ್ತಿದ್ದಳು.

ಮೇಲೆ ಹೋದಾಗ ಏನೂ ಕಾಣುತ್ತಿರಲಿಲ್ಲ. ಹಾಲಿನಲ್ಲಿ ಮುಳುಗಿಸಿದ ಹಾಗೆ. ಮೂಡಣ ಅಂಚಿನ ಒಡೆದ ಗೋಡೆಯ ಹತ್ತಿರ ನನ್ನನ್ನು ಕೂಡಿಸಿದಳು. ಕಾದೆವು. ಬೆಳಕು ಕಡಿಮೆಯಾಗುತ್ತಾ ಬಂತು, ಇಳಿಯೋಣ ಎಂದು ನಾನು ಬಾಯಿ ಬಡಕೊಳ್ಳುತ್ತಿದ್ದೆ, ಚಿರತೆಯ ಮಾತು ತೆಗೆದೆ, ಹಾವಿನ ಮಾತು ತೆಗೆದೆ. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ, ಮೋಡದ ಕೆಳಗಿನಿಂದ ಹೊತ್ತು ಇಣುಕಿತು. ಮುಳುಗುವ ಮೊದಲಿನ ಕೆಂಪು ಬೆಳಕು. ಕಣಿವೆಯಲ್ಲಿ ತುಂಬಿದ ಮಂಜಿನ ಮೇಲೆ ನಮ್ಮ ನೆರಳು ಬಿತ್ತು, ಎರಡು. ಮತ್ತು ನನ್ನ ತಲೆಯ ಸುತ್ತ, ಸಂಜು, ನನ್ನ ತಲೆಯ ಸುತ್ತ ಬಣ್ಣದ ಪ್ರಭಾವಳಿ!

"ಸ್ನೇಹಲ್! ನನಗ ಬಂತು! ನಿನಗಿಲ್ಲ, ನೋಡು!"

"ನನಗ ನನ್ನ ತಲೀಗೆ ಕಾಣ್ತದರಿ ಅಕ್ಕಾರ. ನಿಮಗಿಲ್ಲ."

"ಸುಳ್ಳ ಹೇಳಬ್ಯಾಡ. ಕಣ್ಣ ಮುಂದ ಅದ."

"ನೀವು ಈ ಕಡೆ ಬರ್ರಿ, ನಾ ಆ ಕಡೆ ನಿಲ್ತೀನಿ."

ಜಾಗ ಬದಲಿಸಿದೆವು. ಬಳೆ ನನ್ನ ಜೊತೆಗೇ ಬಂತು. ಅವಳ ತಲೆ ಬರೀ ನೆರಳು. ಅವಳು ಕೂತಳು, ನಾನು ನಿಂತೆ. ನನಗೇ. ನಾನು ಸರಿದು ಸರಿದು ಅವಳ ತಲೆಗೆ ಕೊಡಲು ನೋಡಿದೆ. ಆಗುವುದಿಲ್ಲ, ಸಂಜು. ಎಷ್ಟು ಸರಿದರೂ ಆಗುವುದಿಲ್ಲ. ಮರಾಠಿಯಲ್ಲಿ ಅದಕ್ಕೆ ಇಂದ್ರವಜ್ರ ಎನ್ನುತ್ತಾರಂತೆ. ನೋಡುವವರಿಗೆ ತಮ್ಮ ತಲೆಗೆ ಮಾತ್ರ ಕಾಣುತ್ತದೆ, ಪಕ್ಕದವರ ತಲೆಗೆ ಕಾಣುವುದೇ ಇಲ್ಲ.

ಆಮೇಲೆ ಅವಳು ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು. "ಒತ್ರಿ," ಅಂದಳು. ಒತ್ತಿದೆ. ಫೋಟೋದಲ್ಲಿ ಬಳೆ ನನ್ನ ನೆರಳಿಗೆ. ಆಮೇಲೆ ಅವಳು ಒತ್ತಿದಳು. ಬಳೆ ಅವಳ ನೆರಳಿಗೆ. ಕೈಯಲ್ಲಿ ಯಾರು ಹಿಡಿದಿರುತ್ತಾರೋ ಅವರ ತಲೆಗೆ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದಳು. ನನ್ನ ಕಣ್ಣ ಮುಂದೆ ಪೇಪರಿನ ತುಂಡು ಬಂತು, ಬಳೆಯ ಹೊರಗೆ ನಿಂತ ನನ್ನ ಗೊಂಡೆ ಬಂತು.

"ಅವಾಗ ಅವ ಏನ್ ಮಾಡಾಕತ್ತಿದ್ದ?" ಅಂದೆ.

"ನನ್ನ ಚೀಲಾ ಹಿಡಕೊಂಡು ನಿಂತಿದ್ರು. ಲಗೂ ತಗಿ, ಕತ್ತಲಾತು, ಚಿರತಿ ಬರ್ತದ ಅಂತಿದ್ರು. ನಿಮ್ಮ ತಮ್ಮ ಅಲ್ಲೇನ್ರಿ."

ಎಲ್ಲಿ ಮುಖ ಇಡಲಿ ನಾನು? ಇಳಿಯುವಾಗ ಕೇಳಿದೆ, ಇಷ್ಟಕ್ಕೇ ಮನೆ ಬಿಟ್ಟೆಯಾ ಎಂದು. ಅಂದಳು: "ಕಲಾಮಂದಿರದ ಮಂದಿ ಮನೀಗೆ ಬಂದಿದ್ರು. ಚಹಾ ಕೊಟ್ಟು, 'ಫೋಟೋ ನಾ ತಗದದ್ದರಿ' ಅಂದೆ. ನಿಮ್ಮ ತಮ್ಮ ನಕ್ಕು, 'ನಮ್ಮಾಕಿಗೆ ಚಾಷ್ಟಿ ಭಾಳ' ಅಂದ್ರು. ಎಲ್ಲಾರೂ ನಕ್ರು. ಕಪ್ಪು ಎತ್ತಿಡೂತನಾ ನಗಾಕತ್ತಿದ್ರು."

ಸ್ಟೇಷನ್ನಿನಲ್ಲಿ ಆಕೆ ಪರ್ಸಿನಿಂದ ಕಾರ್ಡ್ ತೆಗೆದು ಅಂಗೈಯಲ್ಲಿ ಹಿಡಿದಳು. "ಕೇಳ್ತೀರೇನ್ರಿ?" ಅಂದಳು.

ನಾನು ಕೇಳಲಿಲ್ಲ.

ದೀಪ ಆರಿರಲಿಲ್ಲ. ನಿಮ್ಮ ಮಾಮಾ ಎದ್ದಿರಲೇ ಇಲ್ಲವಂತೆ. ಗಂಡಸರಲ್ಲಿ ಅಂಥವರೂ ಇದ್ದಾರೆ.

ಶಿವಬಸವ್ವ


ಧಾರವಾಡ
17 ಅಕ್ಟೋಬರ್ 2024

ಅಕ್ಕನವರಿಗೆ,

ಒಂದು ಸಲ ಬೆಟ್ಟ ಹತ್ತಿದವರೆಲ್ಲ ಈಗ ಬೆಳಕಿನ ಪಂಡಿತರು. ಒಳ್ಳೆಯದು. ಕ್ಯಾಮೆರಾ ನನ್ನದು. ಅಲ್ಲಿಗೆ ಹೋಗೋಣ ಎಂದವನು ನಾನು. ಒಂದು ಗಳಿಗೆ ಕೈ ಮರಗಟ್ಟಿತು ಎಂದು ಅವಳಿಗೆ ಹಿಡಿಯಲು ಕೊಟ್ಟೆ. ಬಟನ್ ಒತ್ತಿದವರೆಲ್ಲ ಕಲಾವಿದರಾದರೆ ಲಿಫ್ಟಿನಲ್ಲಿ ಓಡಾಡುವವರೆಲ್ಲ ಕಲಾವಿದರೇ. ಕಣ್ಣು ಬೇಕು. ಕಣ್ಣು ನನ್ನದಿತ್ತು.

ನೀನು ಯಾರ ಅಕ್ಕ? ಸಣ್ಣವನಿದ್ದಾಗ ನನಗೆ ದೃಷ್ಟಿ ತೆಗೆದು ತೆಗೆದು, ನನ್ನಂಥವನು ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೇಳಿದವಳು ನೀನು. ಈಗ ಖಡಕಿಯ ಒಂದು ಕಪ್ಪು ಚಹಾಕ್ಕೆ ಪಕ್ಷ ಬದಲಿಸಿದೆ. ಅರ್ಧ ಕಪ್ಪು.

ಇಲ್ಲಿ ಗೋಡೆ ಖಾಲಿ ಬಿಟ್ಟುಕೊಂಡು ಕೂತಿದ್ದಾರೆ. ಮೂಲ ಚಿತ್ರ ಕೊಡು ಎಂದು ದಿನವೂ ಕೇಳುತ್ತಾರೆ. ನಾನು ಊರಲ್ಲಿ ಮುಖ ತೋರಿಸುವುದು ಬೇಡವೇ? ಕಾರ್ಡ್ ಇಸಕೊಂಡು ಕಳಿಸಿಬಿಡು. ಆಮೇಲೆ ಯಾರು ಒತ್ತಿದರು, ಯಾರು ನಿಂತರು ಎಂದು ಮನೆಯಲ್ಲಿ ಕೂತು ಮಾತಾಡೋಣ.

ಸಂಜು


ನಿಗಡಿ
26 ಅಕ್ಟೋಬರ್ 2024

ಸಂಜು,

ಕೈ ಮರಗಟ್ಟಿತ್ತೋ? ಹೋದ ಕಾಗದದಲ್ಲಿ ಕಲ್ಲಿನ ಹಾಗೆ ಕ್ಯಾಮೆರಾ ಹಿಡಿದು ನಿಂತಿದ್ದೆ ಎಂದು ಬರೆದಿದ್ದೆ. ಅದಕ್ಕೆ ಮೊದಲಿನದರಲ್ಲಿ ಬೇಕೆಂತಲೇ ಬಳೆ ಇಟ್ಟಿದ್ದೆ. ಮೂರು ಕಾಗದಕ್ಕೆ ಮೂರು ಮಾತು. ನಾನು ಶಾಲೆ ಅರ್ಧಕ್ಕೆ ಬಿಟ್ಟವಳು ನಿಜ, ಆದರೆ ಕಾಗದ ಎತ್ತಿಟ್ಟುಕೊಳ್ಳುತ್ತೇನೆ. "ಲಗೂ ತಗೀರಿ, ಕತ್ತಲಾತು" ಎಂದು ಅವಳು ಅಂದಳೆಂದು ಬರೆದೆಯಲ್ಲ, ಅದನ್ನು ಓದುವಾಗಲೇ ನನಗೆ ಗುರುತು ಹತ್ತಬೇಕಿತ್ತು. ಅದು ನಮ್ಮ ಮನೆಯ ಮಾತು, ಸಂಜು. ಅಷ್ಟು ಅಂಜಿಕೆ ಖಡಕಿಯಲ್ಲಿ ಹುಟ್ಟುವುದಿಲ್ಲ.

ಅಂಜಿದ್ದಕ್ಕೆ ನಾನು ಬೈಯುತ್ತಿಲ್ಲ. ನಾನು ಅಂಜುವುದರಲ್ಲಿ ನಿನ್ನ ಗುರು. ಆದರೆ ನಾನು ಅಂಜಿ ಅಡುಗೆಮನೆಯಲ್ಲಿ ಕೂಡುತ್ತೇನೆ, ಇನ್ನೊಬ್ಬರ ತಲೆಯ ಪ್ರಭಾವಳಿ ಕಿತ್ತು ನಾನೇ ದಾನ ಕೊಟ್ಟೆ ಎಂದು ಪೇಪರಿನಲ್ಲಿ ಹಾಕಿಸುವುದಿಲ್ಲ. ತ್ಯಾಗವಂತೆ. ಓದಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಥೂ.

ಕಾರ್ಡ್ ಬರುತ್ತದೆ. ನನ್ನ ಕೈಯಿಂದಲ್ಲ. ಸ್ನೇಹಲ್ ತಾನೇ ತರುತ್ತಾಳೆ, ಪ್ರದರ್ಶನದ ವಾರ ಅವರಪ್ಪನ ಜೊತೆ ರೈಲಿಗೆ ಬರುತ್ತಾಳೆ. ಸೀದಾ ಕಲಾಮಂದಿರಕ್ಕೆ. ಫೋಟೋದ ಕೆಳಗೆ ಅವಳ ಹೆಸರು ಇದ್ದರೆ ಕಾರ್ಡ್ ಕೊಡುತ್ತಾಳೆ, ಇಲ್ಲದಿದ್ದರೆ ಅದೇ ರೈಲಿಗೆ ವಾಪಸು. ಆಮೇಲೆ ನೀನು ಆ ಗೋಡೆಯ ಮೇಲೆ ನಿನ್ನ ಮದುವೆಯ ಊಟದ ಫೋಟೋ ಹಾಕಿಕೋ. ನಿಮ್ಮ ಮನೆಗೆ ಬರುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ಅದು ಆ ಗೋಡೆಯ ಮುಂದೆ ನೀನು ಹೇಗೆ ನಿಲ್ಲುತ್ತೀ ಎನ್ನುವುದರ ಮೇಲೆ ಇದೆ.

ಹೋಗುವಾಗ ಟೋಪಿ ಹಾಕಿಕೊಂಡು ಹೋಗು. ನೋಡಲು ಬಂದವರು ಗೊಂಡೆಯವನು ಯಾರು ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಂತಿದ್ದವನು ಎಂದು ಹೇಳು. ಅಷ್ಟೇ ಹೇಳು, ಮುಂದೆ ಒಂದಕ್ಷರ ಸೇರಿಸಬೇಡ.

ಪ್ರಭಾವಳಿ. ಪ್ರಭಾವಳಿ. ಹೊಟ್ಟೆ ಸೀಳಿ ಬರೆದಿದ್ದೇನೆ, ನೋಡಿಕೋ.

ರೈಲಿನಲ್ಲಿ ಆಕೆಗೆ ಮೇಲಿನ ಬರ್ತ್ ಸಿಕ್ಕಿದೆ. ಬಿದ್ದರೆ ಏನು ಮಾಡುವುದೋ.

ಶಿವಬಸವ್ವ


ಧಾರವಾಡ
14 ನವೆಂಬರ್ 2024

ಅಕ್ಕಾ,

ಬಿದ್ದಿಲ್ಲ.

ಚಿತ್ರ ಗೋಡೆಗೆ ಏರಿದೆ, ಆಳೆತ್ತರ. ಕೆಳಗೆ ಸ್ನೇಹಲ್ ಹೆಸರಿನ ಚೀಟಿ ನಾನೇ ಬರೆದೆ. ಅಕ್ಷರ ತಪ್ಪಿಲ್ಲ. ಚಿತ್ರ ಅಷ್ಟು ದೊಡ್ಡದಾದ ಮೇಲೆ ಗೊಂಡೆಯೂ ಕುಂಬಳಕಾಯಿಯಷ್ಟಾಗಿದೆ. ಬಂದವರೆಲ್ಲ ಮೊದಲು ಅದನ್ನೇ ತೋರಿಸಿ ನಗುತ್ತಾರೆ. ನಮ್ಮ ಸೊಸೈಟಿಯ ಮ್ಯಾನೇಜರ್ "ಯಾರ್ರೀ ಈ ಜೋಕರ್?" ಅಂದರು. ಸ್ನೇಹಲ್ ನನ್ನ ಮುಖ ನೋಡುತ್ತಾ ನಿಂತಳು. "ನಾನರಿ. ಪಕ್ಕಕ್ಕ ನಿಂತಿದ್ದೆ," ಅಂದೆ. ಎಲ್ಲರೂ ನಕ್ಕರು. ಈ ಸಲ ಅವಳು ನಗಲಿಲ್ಲ.

ಆಕೆಯ ಅಪ್ಪ ನಿನ್ನೆಯ ರೈಲಿಗೆ ಹೋದರು. ಒಬ್ಬರೇ.

ನಿನ್ನ ನಂಬರ್ ತೆರೆದಿದ್ದೇನೆ. ದಿನಕ್ಕೆ ಒಂದು ಸಲ ಮಾಡು, ಡೆಂಗ್ಯೂ ಎದ್ದರೆ ಎರಡು. ಹಳೆಯ ಟೋಪಿ ಬಿಗಿಯಾಗಿದೆ, ಹೊಸದು ಹೆಣೆದು ಕಳಿಸು. ಎರಡು ಕಳಿಸು, ಆಕೆಯೂ ಕೇಳುತ್ತಿದ್ದಾಳೆ. ಆಕೆಯದಕ್ಕೆ ಗೊಂಡೆ ಬೇಡವಂತೆ.

ನನ್ನದಕ್ಕೆ ಇರಲಿ.

ಸಂಜು